ಕಂಪ್ಯೂಟರಿನ ಮಾತು ಕೇಳುವ ಕಾರ್ಬ್ಯುರೇಟರ್: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಸ್ಕ್ರೂಡ್ರೈವರ್ ಆಗಲೇ ಕೈಯಲ್ಲಿದ್ದರೆ ಸ್ವಲ್ಪ ಹೊತ್ತು ಕೆಳಗಿಡಿ. ಕಾರು ಕಪ್ಪು ಹೊಗೆ ಉಗುಳುತ್ತಿರಬಹುದು, ನಿಂತಲ್ಲೇ ನಡುಗುತ್ತಿರಬಹುದು, ಡ್ಯಾಶ್‌ಬೋರ್ಡಿನಲ್ಲಿ ‘ಚೆಕ್ ಎಂಜಿನ್’ ದೀಪ ಹೊತ್ತಿಕೊಂಡಿರಬಹುದು. ಅಷ್ಟರಿಂದಲೇ ತಪ್ಪು ಕಾರ್ಬ್ಯುರೇಟರಿನದ್ದು, ಅಂದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ್ದು, ಎಂದು ತೀರ್ಮಾನಿಸಬೇಡಿ. ನಾನು ಹಾಗೆ ತೀರ್ಮಾನಿಸಿದವನು. ನನ್ನದು 1985ರ ಓಲ್ಡ್ಸ್‌ಮೊಬೈಲ್ ಕಟ್ಲಾಸ್ ಸುಪ್ರೀಂ, 307 ಘನ ಇಂಚಿನ ವಿ8 ಎಂಜಿನ್. ಪೆಟ್ರೋಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ‘ರೀಬಿಲ್ಟ್’ (ಬಿಚ್ಚಿ ಮತ್ತೆ ಕಟ್ಟಿದ್ದು) ಎಂಬ ಚೀಟಿ ಅಂಟಿಸಿದ್ದ ಬೇರೊಂದು ಕಾರ್ಬ್ಯುರೇಟರನ್ನು ಅಂಗಡಿಯೊಂದರಿಂದ ತಂದೆ. ಎರಡು ಶನಿವಾರ, ಎರಡು ಭಾನುವಾರ ಕಳೆದವು. ವಾಸನೆ ಹಾಗೇ ಉಳಿಯಿತು. ಕೊನೆಗೆ ಸಿಕ್ಕಿದ ಕಳ್ಳ, ಒತ್ತಡದ ಸೆನ್ಸರಿಗೆ ಹೋಗುವ ಪೆನ್ಸಿಲ್ ದಪ್ಪದ ರಬ್ಬರ್ ಕೊಳವೆಯಲ್ಲಿದ್ದ ಬಿರುಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಆದ್ದರಿಂದ ಈ ಲೇಖನದ ಅರ್ಧದಷ್ಟು ಬಿಚ್ಚುವುದಕ್ಕೆ ಮುಂಚಿನ ಮಾತೇ ಆಗಿದೆ. ಆತುರವಿದ್ದವರು ನೇರವಾಗಿ ಮುಂದಕ್ಕೆ ಹಾರಬಹುದು. ಆದರೆ ಹಾರಿದವರೇ ಮತ್ತೆ ಇಲ್ಲಿಗೆ ಬರುತ್ತಾರೆ.

ಇದು ಯಾವ ಬಗೆಯ ಕಾರ್ಬ್ಯುರೇಟರ್

ಊರಿನಲ್ಲಿ ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರನ್ನು ಬಿಚ್ಚಿ, ಜೆಟ್ (ಪೆಟ್ರೋಲ್ ಹಾಯುವ ಅಳತೆಯ ಸಣ್ಣ ರಂಧ್ರ) ಊದಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಬಿಡಿಭಾಗಗಳ ಕಿಟ್ ಹಾಕಿ ಸಂಜೆಯೊಳಗೆ ಓಡಿಸಿದ ಅನುಭವ ನಿಮಗಿದ್ದರೆ ಅದರ ಅರ್ಧ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನರ್ಧ ದಾರಿ ತಪ್ಪಿಸುತ್ತದೆ. ಸೋಲೆಕ್ಸ್ ಯಾರ ಮಾತನ್ನೂ ಕೇಳುವುದಿಲ್ಲ. ಗಾಳಿ ಎಳೆದಷ್ಟು ಪೆಟ್ರೋಲ್ ಕೊಟ್ಟು ಸುಮ್ಮನಿರುತ್ತದೆ. ಅಮೆರಿಕದ ಈ ಕಾರ್ಬ್ಯುರೇಟರ್ ಹಾಗಲ್ಲ. ಸೈಲೆನ್ಸರಿನ ಕಡೆ ಕೂತಿರುವ ಆಕ್ಸಿಜನ್ ಸೆನ್ಸರ್ ಹೊಗೆಯ ರುಚಿ ನೋಡಿ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಕಾರ್ಬ್ಯುರೇಟರಿಗೆ ಹೇಳುತ್ತದೆ.

ಕಾರಣ ಹೊಗೆಯ ಕಾನೂನು. ಮೂರು ಬಗೆಯ ವಿಷವನ್ನೂ ಒಟ್ಟಿಗೆ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇರಬೇಕು. ಬರೀ ಜೆಟ್ ಮತ್ತು ಸ್ಪ್ರಿಂಗ್‌ಗಳಿಂದ ಆ ಹದ ಹಿಡಿದಿಡಲಾಗದು. ಹಾಗಾಗಿ ಜನರಲ್ ಮೋಟಾರ್ಸ್ 1981ರಲ್ಲಿ ತನ್ನ ಪೆಟ್ರೋಲ್ ಕಾರುಗಳಿಗೆ ‘ಕಂಪ್ಯೂಟರ್ ಕಮಾಂಡ್ ಕಂಟ್ರೋಲ್’ ಎಂಬ ವ್ಯವಸ್ಥೆ ತಂದಿತು. 1965ರಿಂದ ಬರುತ್ತಿದ್ದ ರೋಚೆಸ್ಟರ್ ಕ್ವಾಡ್ರಾಜೆಟ್ ಎಂಬ ನಾಲ್ಕು ಗಂಟಲಿನ ಕಾರ್ಬ್ಯುರೇಟರಿಗೆ ವಿದ್ಯುತ್ ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಅಯಸ್ಕಾಂತವಾಗಿ ಎಳೆಯುವ ಸುರುಳಿ) ಒಂದನ್ನು ಸೇರಿಸಿ ಅದಕ್ಕೆ ಇ4ಎಂಇ, ಇ4ಎಂಸಿ ಎಂದು ಹೆಸರಿಟ್ಟರು. ಮೊದಲಿನ ‘ಇ’ ಎಂದರೆ ಎಲೆಕ್ಟ್ರಾನಿಕ್. ಕೊನೆಯ ‘ಇ’ ವಿದ್ಯುತ್ ಚೋಕ್ (ಎಂಜಿನ್ ತಣ್ಣಗಿದ್ದಾಗ ಗಾಳಿ ತಡೆಯುವ ಬಾಗಿಲು), ‘ಸಿ’ ಆದರೆ ಬಿಸಿಗಾಳಿಯ ಚೋಕ್. ಓಲ್ಡ್ಸ್‌ಮೊಬೈಲಿನ 307 ಎಂಜಿನ್ ಇದ್ದ ದೊಡ್ಡ ಸ್ಟೇಷನ್ ವ್ಯಾಗನ್‌ಗಳಲ್ಲಿ ಇದು 1990ರವರೆಗೂ ಉಳಿಯಿತು. ಫೋರ್ಡ್, ಕ್ರೈಸ್ಲರ್, ಜೀಪ್‌ಗಳಲ್ಲಿಯೂ ಇಂಥವು ಇದ್ದವು. ಜೀಪಿನ ಕಾರ್ಟರ್ ಬಿಬಿಡಿಯಲ್ಲಿ ಸೊಲೆನಾಯ್ಡ್ ಬದಲು ಸ್ಟೆಪರ್ ಮೋಟಾರ್ ಇದೆ. ಇಲ್ಲಿ ಕೊಟ್ಟಿರುವ ಅಂಕಿಗಳು ಜನರಲ್ ಮೋಟಾರ್ಸ್‌ನವಕ್ಕೆ ಮಾತ್ರ.

ಒಳಗೆ ನಡೆಯುವುದು ಇಷ್ಟು. ಪೆಟ್ರೋಲ್ ತುಂಬಿದ ಬಟ್ಟಲಿನ ನಡುವೆ ಮಿಕ್ಸ್ಚರ್ ಕಂಟ್ರೋಲ್ ಸೊಲೆನಾಯ್ಡ್ ಮುಳುಗಿ ಕೂತಿದೆ. ಅದರ ಮೇಲಿನ ಪ್ಲಂಜರ್ ಎರಡು ಮೀಟರಿಂಗ್ ಕಡ್ಡಿಗಳ ತಲೆಯ ಮೇಲೆ ಕೈಯಿಟ್ಟ ಹಾಗೆ ನಿಂತಿದೆ. ವಿದ್ಯುತ್ ಹರಿದಾಗ ಪ್ಲಂಜರ್ ಕೆಳಗಿಳಿದು ಕಡ್ಡಿಗಳು ಜೆಟ್ಟಿನೊಳಕ್ಕೆ ಒತ್ತುತ್ತವೆ, ಪೆಟ್ರೋಲ್ ಕಡಿಮೆಯಾಗುತ್ತದೆ. ವಿದ್ಯುತ್ ನಿಂತಾಗ ಸ್ಪ್ರಿಂಗ್ ಮೇಲಕ್ಕೆತ್ತುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಸೆಕೆಂಡಿಗೆ ಹತ್ತು ಬಾರಿ ಈ ಕುಣಿತ. ಪ್ರತಿ ಕುಣಿತದಲ್ಲಿ ಎಷ್ಟು ಹೊತ್ತು ಕೆಳಗಿರಬೇಕು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ.

ಮೊದಲು ಕಂಪ್ಯೂಟರನ್ನು ಕೇಳಿ

ಬ್ಯಾಟರಿ ತಂತಿ ಕಿತ್ತರೆ ಕಂಪ್ಯೂಟರಿನ ನೆನಪು ಅಳಿದುಹೋಗುತ್ತದೆ. ಹಾಗಾಗಿ ಅದು ನೆನಪಿಟ್ಟುಕೊಂಡ ದೋಷಗಳ ಅಂಕಿ, ಅಂದರೆ ಕೋಡ್, ಓದುವುದು ಎಲ್ಲಕ್ಕಿಂತ ಮೊದಲ ಕೆಲಸ. ಸ್ಟಿಯರಿಂಗ್ ಕೆಳಗಿನ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಹನ್ನೆರಡು ಕಿಂಡಿಯ ಕನೆಕ್ಟರ್ ಇರುತ್ತದೆ. ಕೀಲಿ ಆನ್ ಇರಲಿ, ಎಂಜಿನ್ ಓಡುವುದು ಬೇಡ. ಎ ಮತ್ತು ಬಿ ಕಿಂಡಿಗಳನ್ನು ಒಂದು ಸಣ್ಣ ತಂತಿಯಿಂದ ಜೋಡಿಸಿ. ಬೇರೆ ಕಿಂಡಿಗೆ ತಂತಿ ತಾಗದಂತೆ ಎಚ್ಚರವಿರಲಿ. ಈಗ ಚೆಕ್ ಎಂಜಿನ್ ದೀಪ ಮಿನುಗಲು ತೊಡಗುತ್ತದೆ: ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು. ಅದು 12. ‘ಎಂಜಿನ್ ತಿರುಗುತ್ತಿಲ್ಲ, ನಾನು ಎಚ್ಚರವಾಗಿದ್ದೇನೆ’ ಎಂಬ ಕಂಪ್ಯೂಟರಿನ ಹಾಜರಿ ಅದು. ಪ್ರತಿ ಕೋಡ್ ಮೂರು ಬಾರಿ ಬರುತ್ತದೆ.

12ರ ನಂತರ ಬರುವುದನ್ನು ಬರೆದುಕೊಳ್ಳಿ. 13 ಬಂದರೆ ಆಕ್ಸಿಜನ್ ಸೆನ್ಸರಿನಿಂದ ಸುದ್ದಿಯೇ ಇಲ್ಲ. 14 ಅಥವಾ 15 ಬಂದರೆ ಎಂಜಿನ್ ಬಿಸಿಯ ಸೆನ್ಸರ್ ನೋಡಿ. 21, 22 ಥ್ರಾಟಲ್ (ಪೆಡಲ್ ಒತ್ತಿದಾಗ ತೆರೆಯುವ ಬಾಗಿಲು) ಸೆನ್ಸರಿಗೆ ಸೇರಿದವು. 23 ಮತ್ತು 54 ಸೊಲೆನಾಯ್ಡಿನ ವಿದ್ಯುತ್ ದಾರಿಯವು. 34 ಒತ್ತಡದ ಸೆನ್ಸರ್. 44 ಎಂದರೆ ಹೊಗೆಯಲ್ಲಿ ಪೆಟ್ರೋಲ್ ಕಡಿಮೆ, 45 ಎಂದರೆ ಹೆಚ್ಚು. ಈ ಪಟ್ಟಿಯಲ್ಲಿ ಕಾರ್ಬ್ಯುರೇಟರನ್ನೇ ನೇರವಾಗಿ ಬೊಟ್ಟು ಮಾಡುವ ಕೋಡ್ ಎಷ್ಟು ಕಡಿಮೆ ಎಂಬುದನ್ನು ಗಮನಿಸಿ. ನನ್ನ ಕಾರು ಪಾಪ 34 ಎಂದು ಸ್ಪಷ್ಟವಾಗಿಯೇ ಹೇಳುತ್ತಿತ್ತು. ನಾನು ಕೇಳಿರಲಿಲ್ಲ.

ಡ್ವೆಲ್ ಮೀಟರಿನ ಮುಳ್ಳು

ಇನ್ನು ಈ ಕೆಲಸದ ನಿಜವಾದ ಉಪಕರಣ. ಪ್ಲಾಟಿನಂ ಪಾಯಿಂಟ್ ಇದ್ದ ಕಾಲದಲ್ಲಿ ಡಿಸ್ಟ್ರಿಬ್ಯೂಟರ್ ಸರಿಮಾಡಲು ಬಳಸುತ್ತಿದ್ದ ಹಳೆಯ ಡ್ವೆಲ್ ಮೀಟರ್ ಸಾಕು. ವಿದ್ಯುತ್ ಪ್ರತಿ ಬಾರಿ ಎಷ್ಟು ಹೊತ್ತು ಹರಿಯುತ್ತದೆ ಎಂಬುದನ್ನು ಅದು ಡಿಗ್ರಿಯಲ್ಲಿ ತೋರಿಸುತ್ತದೆ. ಹಳೆಯ ಸಾಮಾನಿನ ಸಂತೆಯಲ್ಲಿ ಐದು ಹತ್ತು ಡಾಲರಿಗೆ ಸಿಕ್ಕೀತು. ಕಾರ್ಬ್ಯುರೇಟರಿನ ಹತ್ತಿರ ತಂತಿಗಳ ಕಟ್ಟಿನಿಂದ ಹೊರಬಂದ, ಯಾವುದಕ್ಕೂ ಸಿಕ್ಕಿಸಿರದ ಒಂಟಿ ಹಸಿರು ಕನೆಕ್ಟರ್ ಇರುತ್ತದೆ. ಮೀಟರಿನ ಒಂದು ತಂತಿ ಅಲ್ಲಿಗೆ, ಇನ್ನೊಂದು ಎಂಜಿನ್ ಲೋಹಕ್ಕೆ. ಎಂಜಿನ್ನಿನಲ್ಲಿ ಎಷ್ಟೇ ಸಿಲಿಂಡರ್ ಇರಲಿ, ಮೀಟರನ್ನು ಆರು ಸಿಲಿಂಡರಿನ ಅಳತೆಗೇ ಇಡಬೇಕು. ಆ ಅಳತೆಯಲ್ಲಿ 6 ಡಿಗ್ರಿ ಎಂದರೆ ಕಂಪ್ಯೂಟರ್ ‘ಪೆಟ್ರೋಲ್ ಜಾಸ್ತಿ ಕೊಡು’ ಎನ್ನುತ್ತಿದೆ, 54 ಎಂದರೆ ‘ಕಡಿಮೆ ಮಾಡು’ ಎನ್ನುತ್ತಿದೆ. 30 ನಟ್ಟನಡುವೆ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಆಕ್ಸಿಜನ್ ಸೆನ್ಸರ್ ಸುಮಾರು 315 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಬಾಯಿಬಿಡುವುದಿಲ್ಲ. ಅಲ್ಲಿಯವರೆಗೆ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಒಂದೆರಡು ನಿಮಿಷ, ನಿಮಿಷಕ್ಕೆ 2000 ಸುತ್ತಿನಲ್ಲಿ ಓಡಿಸಿದ ಮೇಲೆ ಮುಳ್ಳು ನಿಧಾನವಾಗಿ ಅತ್ತಿತ್ತ ತೂಗಾಡಲು ಶುರುವಾದರೆ ತಲೆಗೂ ಕೈಗೂ ಮಾತುಕತೆ ನಡೆಯುತ್ತಿದೆ ಎಂದರ್ಥ. 10ರಿಂದ 50ರ ನಡುವೆ ಎಲ್ಲಿ ತೂಗಾಡಿದರೂ ಕಂಪ್ಯೂಟರ್ ಸಂಭಾಳಿಸುತ್ತದೆ. 30ರ ಆಸುಪಾಸು ಇದ್ದರೆ ಕಾರ್ಬ್ಯುರೇಟರನ್ನು ಮುಟ್ಟಲೇಬೇಡಿ.

ಮುಳ್ಳು 50ರ ಮೇಲೆ ಅಂಟಿಕೊಂಡಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಕಂಪ್ಯೂಟರ್ ತಡೆಯಲು ಹೆಣಗುತ್ತಿದೆ. ಆಗ ಕಾರ್ಬ್ಯುರೇಟರಿನ ಮೇಲೆ ಅನುಮಾನ ಪಡಬಹುದು: ಮುಳುಗಿದ ಫ್ಲೋಟ್ (ಬಟ್ಟಲಿನ ಪೆಟ್ರೋಲಿನಲ್ಲಿ ತೇಲುವ ತುಂಡು), ಸವೆದ ನೀಡಲ್ (ಫ್ಲೋಟ್ ಏರಿದಾಗ ಪೆಟ್ರೋಲ್ ತಡೆಯುವ ಸೂಜಿ), ಸೋರುವ ಪ್ಲಗ್. 10ರ ಕೆಳಗೆ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಎಲ್ಲೋ ಕಳ್ಳಗಾಳಿ ಒಳನುಗ್ಗುತ್ತಿದೆ. ವ್ಯಾಕ್ಯೂಮ್ ಕೊಳವೆಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಹಿಸುಕಿ ಮುಳ್ಳನ್ನು ನೋಡಿ. ಯಾವುದನ್ನು ಹಿಸುಕಿದಾಗ ಮುಳ್ಳು ಮೇಲೇರುತ್ತದೋ ಅತ್ತ ಕಡೆ ತೂತಿದೆ. ಇನ್ನು ಮೂರನೆಯ ಸ್ಥಿತಿ, ನನ್ನದು: ಮುಳ್ಳು ಕೆಳಗಿದೆ, ಆದರೂ ಹೊಗೆಯಲ್ಲಿ ಪೆಟ್ರೋಲ್ ನಾತ. ಅಂದರೆ ಜಾಸ್ತಿ ಕೊಡು ಎಂದು ಕಂಪ್ಯೂಟರೇ ಅಪ್ಪಣೆ ಕೊಡುತ್ತಿದೆ. ಬಿರುಕು ಬಿಟ್ಟ ಕೊಳವೆಯಿಂದಾಗಿ ಒತ್ತಡದ ಸೆನ್ಸರ್ ‘ಕಾರು ದಿಬ್ಬ ಹತ್ತುತ್ತಿದೆ’ ಎಂದು ಸುಳ್ಳು ವರದಿ ಒಪ್ಪಿಸುತ್ತಿತ್ತು. ಅಪ್ಪಣೆ ಪಾಲಿಸಿದ ಕಾರ್ಬ್ಯುರೇಟರಿಗೆ ನಾನು ಶಿಕ್ಷೆ ಕೊಟ್ಟಿದ್ದೆ.

ಕೊನೆಯ ಪರೀಕ್ಷೆ ಒಂದಿದೆ. ಸೊಲೆನಾಯ್ಡಿನ ಕನೆಕ್ಟರ್ ಕಳಚಿ, ಹಸಿರು ಕನೆಕ್ಟರಿನ ತಂತಿಯನ್ನು ಎಂಜಿನ್ ಲೋಹಕ್ಕೆ ಜೋಡಿಸಿ, ಎಂಜಿನ್ನನ್ನು 3000 ಸುತ್ತಿಗೆ ಹಿಡಿಯಿರಿ. ಥ್ರಾಟಲ್ ಅಲುಗಿಸದೆ ಸೊಲೆನಾಯ್ಡನ್ನು ಮತ್ತೆ ಸಿಕ್ಕಿಸಿ. ವಿ8 ಎಂಜಿನ್ನಿನಲ್ಲಿ ವೇಗ 300 ಸುತ್ತಿನಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ಸೊಲೆನಾಯ್ಡ್ ಕೆಳಗೆ ಬಂದರೂ ಮಿಶ್ರಣ ಬದಲಾಗುತ್ತಿಲ್ಲ. ಈಗ ಸ್ಕ್ರೂಡ್ರೈವರ್ ತೆಗೆದುಕೊಳ್ಳಬಹುದು.

ಬೇರೆ ತರುವುದೋ, ಇರುವುದನ್ನೇ ಕಟ್ಟುವುದೋ

ಸಾಧ್ಯವಾದರೆ ಇರುವುದನ್ನೇ ಕಟ್ಟಿ. ಕಾರ್ಬ್ಯುರೇಟರಿನ ಎಡ ಹಿಂಭಾಗದಲ್ಲಿ, ಲಂಬವಾದ ಚಪ್ಪಟೆ ಜಾಗದಲ್ಲಿ 170ರಿಂದ ಶುರುವಾಗುವ ಅಂಕಿ ಕೊರೆದಿರುತ್ತದೆ. ಫ್ಲೋಟಿನ ಎತ್ತರದಿಂದ ಹಿಡಿದು ಎಲ್ಲ ಅಳತೆಗಳೂ ಆ ಅಂಕಿಗೆ ಸೇರಿದವು. ರೀಬಿಲ್ಟ್ ಎಂದು ಮಾರುವ ಕಡೆ ಹತ್ತಾರು ಕಾರ್ಬ್ಯುರೇಟರುಗಳ ಭಾಗಗಳು ಒಂದೇ ತೊಟ್ಟಿಯಲ್ಲಿ ಮಿಂದು ಯಾವುದೋ ಮೈಗೆ ಯಾವುದೋ ಮುಚ್ಚಳ ಸೇರಿರುವುದುಂಟು. ನಾನು ತಂದದ್ದರ ಒಳಗಿನ ಸ್ಕ್ರೂಗಳನ್ನು ಯಾರೋ ಕಣ್ಣಂದಾಜಿನಲ್ಲಿ ತಿರುವಿಟ್ಟಿದ್ದರು. ಬೇರೆಯದನ್ನು ತರಲೇಬೇಕಾದ ಸಂದರ್ಭಗಳೂ ಇವೆ: ಪೆಟ್ರೋಲ್ ಒಳಬರುವ ಕಡೆಯ ಮರೆ (ನಟ್ಟು ತಿರುಗಿ ಕೂರುವ ಸುರುಳಿಗೆರೆ) ಸವೆದುಹೋಗಿದ್ದರೆ, ಮೇಲ್ಮುಚ್ಚಳ ಸೊಟ್ಟಗಾಗಿದ್ದರೆ, ಮೈಯಲ್ಲಿ ಬಿರುಕಿದ್ದರೆ. ಆಗಲೂ ಅದೇ ಅಂಕಿಯದ್ದನ್ನೇ ಹುಡುಕಿ.

‘ಈ ಕಂಪ್ಯೂಟರ್ ಗೋಜಲೇ ಬೇಡ, ಹಳೆಯ ಸಾದಾ ಕಾರ್ಬ್ಯುರೇಟರ್ ಹಾಕಿಬಿಡು’ ಎನ್ನುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಅವರು ಹೇಳದೆ ಬಿಡುವುದು ಇದು: ಈ ಕಾರುಗಳ ಡಿಸ್ಟ್ರಿಬ್ಯೂಟರಿನಲ್ಲಿ ಕಿಡಿಯ ಸಮಯ ಮುಂದೂಡುವ ತೂಕವೂ ಇಲ್ಲ, ವ್ಯಾಕ್ಯೂಮ್ ಡಬ್ಬಿಯೂ ಇಲ್ಲ. ಅದೂ ಕಂಪ್ಯೂಟರಿನ ಕೆಲಸವೇ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಲಾಕಪ್ (ಜಾರದಂತೆ ಎಂಜಿನ್ನಿಗೆ ನೇರ ಬಿಗಿದುಕೊಳ್ಳುವುದು) ಕೂಡ ಅದರ ಕೈಯಲ್ಲಿದೆ. ಕಾರ್ಬ್ಯುರೇಟರ್ ಒಂದನ್ನೇ ಬದಲಿಸಿದರೆ ಮಿಶ್ರಣ, ಕಿಡಿ, ಲಾಕಪ್ ಮೂರೂ ಕೆಡುತ್ತವೆ. ಜೊತೆಗೆ ಹೊಗೆ ನಿಯಂತ್ರಣದ ಭಾಗಗಳನ್ನು ಕಿತ್ತುಹಾಕುವುದು ಅಮೆರಿಕದ ಕೇಂದ್ರ ಕಾನೂನಿಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಂತೂ 1976 ಮತ್ತು ಆನಂತರದ ಪೆಟ್ರೋಲ್ ಕಾರುಗಳು ಹೊಗೆ ಪರೀಕ್ಷೆಗೆ ನಿಲ್ಲಬೇಕು.

ಎಂಜಿನ್ನಿನಿಂದ ತೆಗೆಯುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಅಮೆರಿಕದ ಅನೇಕ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹಂಡೆ ಗರಾಜಿನಲ್ಲೇ ಇರುತ್ತದೆ, ಅದರ ಅಡಿಯಲ್ಲಿ ಸಣ್ಣ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಪೆಟ್ರೋಲ್ ಆವಿ ನೆಲಮಟ್ಟದಲ್ಲೇ ಹರಿದು ಅಲ್ಲಿಗೆ ತಲುಪುತ್ತದೆ. ಅದನ್ನು ಆರಿಸಿ, ಇಲ್ಲವೇ ಕಾರನ್ನು ಹೊರಗೆ ನಿಲ್ಲಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ. ಕೋಡ್ ಬರೆದುಕೊಂಡಾಗಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ.

ಕೊಳವೆಗಳ ಜಾತ್ರೆಯೇ ಎದುರಿಗಿದೆ. ಪ್ರತಿಯೊಂದಕ್ಕೂ ಕಾಗದದ ಟೇಪ್ ಸುತ್ತಿ ಅಂಕಿ ಬರೆಯಿರಿ, ಅದು ಕೂರುವ ಮೂತಿಯ ಮೇಲೂ ಅದೇ ಅಂಕಿ ಇರಲಿ. ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ಬಾನೆಟ್ ಕೆಳಗೆ ವ್ಯಾಕ್ಯೂಮ್ ಕೊಳವೆಗಳ ನಕ್ಷೆಯ ಚೀಟಿ ಅಂಟಿಸಿರುತ್ತಾರೆ. ಅದು ಓದಲು ಬರುವಂತಿದ್ದರೆ ನೀವು ಅದೃಷ್ಟವಂತರು.

ಪೆಟ್ರೋಲ್ ಪೈಪಿನ ಜಾಗದಲ್ಲಿ ನಿಧಾನ. ಒಂದು ಇಂಚಿನ ದೊಡ್ಡ ನಟ್ಟು ಕಾರ್ಬ್ಯುರೇಟರಿಗೆ ಸೇರಿದ್ದು, 5/8 ಇಂಚಿನ ಸಣ್ಣದು ಪೈಪಿಗೆ ಸೇರಿದ್ದು. ದೊಡ್ಡದನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಪೈಪಿನ ನಟ್ಟಿಗೆಂದೇ ಮಾಡಿದ ಫ್ಲೇರ್ ಸ್ಪ್ಯಾನರಿನಿಂದ ಸಣ್ಣದನ್ನು ಬಿಡಿಸಿ. ಒಂದೇ ಸ್ಪ್ಯಾನರಿನಲ್ಲಿ ಎಳೆದರೆ ಪೈಪು ತಿರುಚಿಕೊಳ್ಳುತ್ತದೆ, ಅಥವಾ ಮೆತ್ತನೆಯ ಮಿಶ್ರಲೋಹದ ಮರೆಯೇ ಕಿತ್ತುಬರುತ್ತದೆ. ಕ್ವಾಡ್ರಾಜೆಟ್‌ಗಳು ಸಾಯುವುದು ಹೆಚ್ಚಾಗಿ ಈ ಮರೆಯಲ್ಲೇ.

ಥ್ರಾಟಲ್ ತಂತಿ, ಗೇರ್‌ಬಾಕ್ಸ್ ತಂತಿ, ವಿದ್ಯುತ್ ಕನೆಕ್ಟರುಗಳನ್ನು ಕಳಚಿದ ಮೇಲೆ ಉಳಿಯುವುದು ನಾಲ್ಕು ಬೋಲ್ಟು: ಮುಂದೆ ಉದ್ದನೆಯ ಎರಡು, ಹಿಂದೆ ಗಿಡ್ಡನೆಯ ಎರಡು. ಕಾರ್ಬ್ಯುರೇಟರನ್ನು ಮಟ್ಟಸವಾಗಿ ಎತ್ತಿ, ಬಟ್ಟಲಿನ ಪೆಟ್ರೋಲನ್ನು ಡಬ್ಬಿಗೆ ಬಗ್ಗಿಸಿ, ಎಂಜಿನ್ನಿನ ತೆರೆದ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಒಂದು ವಾಷರ್ ಒಳಗೆ ಬಿದ್ದರೆ ಆ ಭಾನುವಾರ ಮುಗಿಯಿತು.

ಬಿಚ್ಚುವುದು

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ. ಬೇಕಾಗುವ ವಿಶೇಷ ಉಪಕರಣ ಒಂದೇ: ಒಳಗಿನ ಹೊಂದಾಣಿಕೆ ಸ್ಕ್ರೂಗಳ ತಲೆ ಎರಡು ಕಡೆ ಚಪ್ಪಟೆಯಾಗಿರುವುದರಿಂದ ಅದಕ್ಕೆ ಹೊಂದುವ ‘ಡಬಲ್ ಡಿ’ ಕೀಲಿ.

ಮುಚ್ಚಳ ತೆಗೆಯುವ ಮೊದಲೇ ಪ್ಲಂಜರಿನ ಓಡಾಟ ಅಳೆಯಿರಿ. ಮೇಲ್ಮುಚ್ಚಳದ ಗಾಳಿಕಿಂಡಿಯಿಂದ ತೆಳುವಾದ ಅಳತೆಕಡ್ಡಿ ಇಳಿಸಿ, ಪ್ಲಂಜರ್ ಮೇಲಿರುವಾಗಿನ ಅಂಕಿ, ಮೆಲ್ಲಗೆ ಒತ್ತಿ ತಳಮುಟ್ಟಿಸಿದಾಗಿನ ಅಂಕಿ ಗುರುತು ಹಾಕಿಕೊಳ್ಳಿ. ವ್ಯತ್ಯಾಸ 2/32 ಇಂಚಿಗಿಂತ ಕಡಿಮೆ ಇರಬಾರದು, 6/32 ಮೀರಬಾರದು. ಒತ್ತಿದಾಗ ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು, ಬಿಟ್ಟಾಗ ಪುಟಿದೇಳಬೇಕು.

ಹಿಂದಿನ ದೊಡ್ಡ ಗಂಟಲುಗಳ ಎರಡು ಉದ್ದ ಕಡ್ಡಿಗಳು ಒಂದು ಸಣ್ಣ ಸ್ಕ್ರೂವಿನಿಂದ ನೇತಾಡುತ್ತಿವೆ. ಅವನ್ನು ಮೊದಲು ಎತ್ತಿಡಿ, ಇಲ್ಲದಿದ್ದರೆ ಬಾಗುತ್ತವೆ. ಚೋಕ್ ಸರಳಿನ ಮೇಲಿನ ತುದಿ, ಮುಂದಿನ ವ್ಯಾಕ್ಯೂಮ್ ಬ್ರೇಕ್ (ಎಂಜಿನ್ ಹೊತ್ತಿಕೊಂಡಾಗ ಚೋಕನ್ನು ಸ್ವಲ್ಪ ತೆರೆಯುವ ಡಬ್ಬಿ) ಕಳಚಿ. ಆಕ್ಸಿಲರೇಟರ್ ಪಂಪಿನ ಸನ್ನೆ ಒಂದು ಸಣ್ಣ ರೋಲ್ ಪಿನ್ನಿನ ಮೇಲೆ ತಿರುಗುತ್ತದೆ. ಪಿನ್ನನ್ನು ಪೂರ್ತಿ ಹೊರಗೆ ಹೊಡೆಯಬೇಡಿ. ಸನ್ನೆ ಬಿಡುವಷ್ಟೇ ಒಳಕ್ಕೆ ತಳ್ಳಿ ನಿಲ್ಲಿಸಿ, ಜೋಡಿಸುವಾಗ ಸ್ಕ್ರೂಡ್ರೈವರ್ ತುದಿಯಿಂದ ಹಿಂದಕ್ಕೆ ಮೀಟಬಹುದು. ನಂತರ ಮುಚ್ಚಳದ ಸ್ಕ್ರೂಗಳು. ಎಲ್ಲವನ್ನೂ ತೆಗೆದೆ ಎಂದುಕೊಂಡ ಮೇಲೂ ಮುಚ್ಚಳ ಏಳದಿದ್ದರೆ ಚೋಕ್ ಬಾಗಿಲಿನ ಕೆಳಗೆ ಇಣುಕಿ ನೋಡಿ. ಗಂಟಲಿನ ಪಕ್ಕದ ಗುಳಿಯಲ್ಲಿ ಎರಡು ಸ್ಕ್ರೂ ಅಡಗಿ ಕೂತಿರುತ್ತವೆ. ಮೀಟುಗೋಲು ಹಾಕಿ ಮುಚ್ಚಳ ಮುರಿದವರೆಲ್ಲ ಆ ಎರಡನ್ನು ಮರೆತವರು.

ಮುಚ್ಚಳವನ್ನು ಓರೆ ಮಾಡದೆ ನೇರ ಮೇಲಕ್ಕೆತ್ತಿ. ಅದರ ಅಡಿಯಲ್ಲಿ ಹುಲ್ಲುಕಡ್ಡಿಯಷ್ಟು ತೆಳುವಾದ ಹಿತ್ತಾಳೆ ಕೊಳವೆಗಳು ನೇತಾಡುತ್ತಿವೆ. ಅವನ್ನು ಕೀಳುವುದಿಲ್ಲ, ಬಗ್ಗಿಸುವುದೂ ಇಲ್ಲ. ಈಗ ಸೊಲೆನಾಯ್ಡಿನ ಪ್ಲಂಜರ್, ಗ್ಯಾಸ್ಕೆಟ್, ಪಂಪು ಮತ್ತದರ ಸ್ಪ್ರಿಂಗ್, ಎರಡು ಮೀಟರಿಂಗ್ ಕಡ್ಡಿಗಳು ಒಂದೊಂದಾಗಿ ಹೊರಬರುತ್ತವೆ.

ಸೊಲೆನಾಯ್ಡನ್ನು ಹಿಡಿದಿರುವ ಸ್ಕ್ರೂಗಳಲ್ಲಿ ಒಂದು ಬರೀ ಸ್ಕ್ರೂ ಅಲ್ಲ. ಅಡಿಯಲ್ಲಿ ಸ್ಪ್ರಿಂಗ್ ಇಟ್ಟುಕೊಂಡು ಕೂತಿರುವ ಅದು ಮಿಶ್ರಣದ ‘ಲೀನ್’ (ಪೆಟ್ರೋಲ್ ಕಡಿಮೆಯ) ಗಡಿಯನ್ನು ಕಾಯುವ ಸ್ಕ್ರೂ. ಬಿಚ್ಚುವ ಮೊದಲು ಅದನ್ನು ಬಲಕ್ಕೆ ತಿರುಗಿಸುತ್ತ, ಮೆಲ್ಲಗೆ ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತು ಎಂದು ಎಣಿಸಿ, ಕಾಲು ಸುತ್ತನ್ನೂ ಬಿಡದೆ ಬರೆದಿಡಿ. ನಾನು ರಟ್ಟಿನ ತುಂಡಿನ ಮೇಲೆ ಬರೆದು ಸ್ಕ್ರೂವನ್ನು ಅದೇ ರಟ್ಟಿಗೆ ಚುಚ್ಚಿಡುತ್ತೇನೆ. ಕೆಳಗಿನ ಐಡಲ್ ಸ್ಕ್ರೂಗಳಿಗೂ (ಎಂಜಿನ್ ನಿಂತಲ್ಲೇ ಓಡುವಾಗಿನ ಮಿಶ್ರಣದವು) ಇದೇ ಲೆಕ್ಕ. ಕಾರ್ಖಾನೆಯವರ ಹೊಂದಾಣಿಕೆಗೆ ಉಳಿದಿರುವ ಸಾಕ್ಷಿ ಆ ರಟ್ಟು ಒಂದೇ.

ಆಮೇಲೆ ಸೊಲೆನಾಯ್ಡ್, ಥ್ರಾಟಲ್ ಸೆನ್ಸರ್, ಬಟ್ಟಲಿನ ಖಾಲಿ ಜಾಗ ತುಂಬುವ ಪ್ಲಾಸ್ಟಿಕ್ ಗಟ್ಟಿ, ಫ್ಲೋಟ್, ನೀಡಲ್ ಮತ್ತು ಸೀಟು. ಪಂಪಿನ ದಾರಿಯಲ್ಲಿರುವ ಸಣ್ಣ ಉಕ್ಕಿನ ಗುಂಡು ಉರುಳಿಹೋಗದಿರಲಿ.

ತೊಳೆಯುವುದು, ನೋಡುವುದು

ಲೋಹದ ಭಾಗಗಳು ಮಾತ್ರ ಕ್ಲೀನರ್ ದ್ರವಕ್ಕೆ. ಸೊಲೆನಾಯ್ಡ್, ಸೆನ್ಸರ್, ಫ್ಲೋಟ್, ವ್ಯಾಕ್ಯೂಮ್ ಬ್ರೇಕ್, ವಿದ್ಯುತ್ ಚೋಕ್ ಯಾವುದನ್ನೂ ಅದರಲ್ಲಿ ಮುಳುಗಿಸಬಾರದು. ರಂಧ್ರಗಳಿಗೆ ತಂತಿ ಚುಚ್ಚಬೇಡಿ, ಗಾಳಿ ಊದಿ.

ಫ್ಲೋಟ್ ಕಪ್ಪು ಫೋಮಿನದು. ವರ್ಷಗಟ್ಟಲೆ ಪೆಟ್ರೋಲ್ ಕುಡಿದು ಭಾರವಾಗುತ್ತದೆ, ಭಾರವಾದ ಫ್ಲೋಟ್ ತಗ್ಗಿನಲ್ಲೇ ತೇಲಿ ಬಟ್ಟಲು ಉಕ್ಕಿಸುತ್ತದೆ. ಹಳೆಯದಾಗಿದ್ದರೆ ಯೋಚಿಸದೆ ಬದಲಿಸಿ. ಬಟ್ಟಲಿನ ತಳದಲ್ಲಿರುವ ಪ್ಲಗ್ಗುಗಳು ಸೋರುವುದು ಈ ಕಾರ್ಬ್ಯುರೇಟರಿನ ಹಳೆಯ ಕಾಯಿಲೆ. ತಳಭಾಗ ಕಳಚಿ, ಬಟ್ಟಲಿಗೆ ಸ್ವಲ್ಪ ಪೆಟ್ರೋಲ್ ಹಾಕಿ, ಒಣಗಿದ ಕಾಗದದ ಮೇಲೆ ಒಂದು ಗಂಟೆ ಬಿಡಿ. ಒದ್ದೆಯಾದರೆ ಪ್ಲಗ್ಗಿನ ಸುತ್ತ ಉಜ್ಜಿ, ಒಣಗಿಸಿ, ಪೆಟ್ರೋಲ್ ತಡೆಯುವ ಎಪಾಕ್ಸಿ ಹಚ್ಚಿ. ಥ್ರಾಟಲ್ ದಂಡವನ್ನು ಹಿಡಿದು ಅಲ್ಲಾಡಿಸಿ ನೋಡಿ. ಗಡಗಡ ಎಂದರೆ ಬುಶ್ ಹಾಕಿಸಬೇಕು, ಅದು ಲೇತ್ ಇದ್ದವರ ಕೆಲಸ.

ಸೊಲೆನಾಯ್ಡಿನ ಎರಡು ತುದಿಗಳ ನಡುವೆ ಓಮ್ ಮೀಟರ್ ಇಡಿ. ಸರಿಯಾಗಿದ್ದರೆ ಸುಮಾರು 20 ಓಮ್. 10ಕ್ಕಿಂತ ಕಡಿಮೆ ಇದ್ದದ್ದನ್ನು ಎಂದೂ ಸಿಕ್ಕಿಸಬೇಡಿ. ಹೆಚ್ಚಿನ ವಿದ್ಯುತ್ ಎಳೆದು ಕಂಪ್ಯೂಟರಿನ ಒಳಗನ್ನೇ ಸುಡುತ್ತದೆ. ಈಗಿನ ಕಾಲದಲ್ಲಿ ಆ ಕಂಪ್ಯೂಟರ್ ಹುಡುಕುವುದು ಕಾರ್ಬ್ಯುರೇಟರ್ ಹುಡುಕುವುದಕ್ಕಿಂತ ಕಷ್ಟ.

ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ರಬ್ಬರ್ ಇದೆಯೇ ಎಂದು ಕೇಳಿ. ಅಮೆರಿಕದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ನೂರಕ್ಕೆ ಹತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ದಾಸ್ತಾನಿನ ಪಂಪ್ ಕಪ್ಪುಗಳು ಅದರಲ್ಲಿ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ನೂರಕ್ಕೆ ಇಪ್ಪತ್ತರಷ್ಟು ಎಥನಾಲಿನ ಇ20 ಬಂದ ಮೇಲೆ ಕರ್ನಾಟಕದಲ್ಲಿ ಹಳೆಯ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ಇದೇ ಚಿಂತೆ.

ಜೋಡಿಸುವುದು

ನೀಡಲಿನ ಕೊಕ್ಕೆಯನ್ನು ಫ್ಲೋಟ್ ತೋಳಿನ ತೂತಿಗೆ ಸಿಕ್ಕಿಸಬೇಕೆನಿಸುತ್ತದೆ. ತೂತು ಅದಕ್ಕೆಂದೇ ಮಾಡಿದಂತೆ ಕಾಣುತ್ತದೆ. ಆದರೆ ತೂತಿಗೆ ಹಾಕಿದರೆ ನೀಡಲ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ತೋಳಿನ ಅಂಚಿನ ಮೇಲೆ ಕೊಕ್ಕೆ ಕೂರಬೇಕು. ಫ್ಲೋಟಿನ ಎತ್ತರವನ್ನು ಗ್ಯಾಸ್ಕೆಟ್ ಇಲ್ಲದೆ, ಬಟ್ಟಲಿನ ಅಂಚಿನಿಂದ ಫ್ಲೋಟಿನ ಮೇಲ್ಮೈಗೆ, ಫ್ಲೋಟಿನ ಮುಂದಿನ ತುದಿಯಿಂದ 3/16 ಇಂಚು ಹಿಂದೆ ಅಳೆಯಬೇಕು. ಎಷ್ಟಿರಬೇಕು ಎಂಬುದು ಕಿಟ್ಟಿನ ಜೊತೆಗಿನ ಹಾಳೆಯಲ್ಲಿ ನಿಮ್ಮ 170ರ ಅಂಕಿಯ ಎದುರು ಇರುತ್ತದೆ.

ಸೊಲೆನಾಯ್ಡ್ ಕೂರಿಸುವಾಗ ಅಡಿಯ ಸ್ಪ್ರಿಂಗ್ ಮರೆಯಬೇಡಿ. ಲೀನ್ ಸ್ಕ್ರೂವಿಗೆ ಹೆಚ್ಚಿನ ಇ4ಎಂಇಗಳಲ್ಲಿ 1.304 ಇಂಚಿನ ಅಳತೆಗಟ್ಟಿ ಬಳಸುತ್ತಾರೆ. ಅದು ಇಲ್ಲದಿದ್ದರೆ ರಟ್ಟಿನ ಮೇಲೆ ಬರೆದ ಸುತ್ತುಗಳನ್ನು ನಂಬಿ. ಮೀಟರಿಂಗ್ ಕಡ್ಡಿಗಳನ್ನು ಬಿಡುವಾಗ ಅವು ಜೆಟ್ಟಿನೊಳಕ್ಕೆ ತಾವಾಗಿ ಜಾರಬೇಕು, ತಡೆದರೆ ಒತ್ತಬೇಡಿ. ಗ್ಯಾಸ್ಕೆಟ್ ಹಾಕಿ, ಪ್ಲಂಜರಿನ ಎರಡು ತೋಳುಗಳೂ ಕಡ್ಡಿಗಳ ತಲೆಯ ಮೇಲೆ ಕೂತಿವೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಮುಚ್ಚಳ ಇಳಿಸುವಾಗ ಪಂಪಿನ ದಂಡ ಮತ್ತು ಸೆನ್ಸರಿನ ದಂಡ ತಮ್ಮ ತಮ್ಮ ಸೀಲಿನೊಳಗಿಂದ ಹಾದುಬರಬೇಕು. ಸ್ಕ್ರೂಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಚೋಕ್ ಕಳಚಿದ್ದರೆ ಒಂದು ಮಾತು: ವಿದ್ಯುತ್ ಚೋಕಿನ ಹಿಂದೆ ಗ್ಯಾಸ್ಕೆಟ್ ಹಾಕಬಾರದು. ಅದರ ವಿದ್ಯುತ್ ದಾರಿ ಮುಗಿಯುವುದೇ ಆ ಲೋಹದ ಸ್ಪರ್ಶದಲ್ಲಿ. ಗ್ಯಾಸ್ಕೆಟ್ ಹಾಕಿದರೆ ಚೋಕ್ ತೆರೆಯುವುದೇ ಇಲ್ಲ.

ಕೂರಿಸಿ ಓಡಿಸುವುದು

ಹೊಸ ತಳದ ಗ್ಯಾಸ್ಕೆಟ್ ಹಾಕಿ ನಾಲ್ಕು ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಸುಮಾರು 12 ಅಡಿ-ಪೌಂಡಿಗೆ ಬಿಗಿಯಿರಿ. ಪೆಟ್ರೋಲಿನ ದೊಡ್ಡ ನಟ್ಟಿಗೆ 18 ಸಾಕು. ಅದಕ್ಕಿಂತ ಹೆಚ್ಚು ಜೋರು ತೋರಿಸಲು ಇದು ಜಾಗವಲ್ಲ. ಒಳಗಿನ ಹೊಸ ಫಿಲ್ಟರಿನ ತುದಿಯಲ್ಲಿ ತಡೆಕವಾಟ ಇರುವುದನ್ನೇ ಹಾಕಿ, ಕಾರು ಮಗುಚಿದರೆ ಪೆಟ್ರೋಲ್ ಸುರಿಯದಂತೆ ತಡೆಯುವುದು ಅದೇ.

ಎಂಜಿನ್ ಚಾಲೂ ಮಾಡುವ ಮೊದಲು, ಕೀಲಿ ಆನ್ ಇಟ್ಟು ಥ್ರಾಟಲ್ ಸೆನ್ಸರಿನ ಗಾಢ ನೀಲಿ ತಂತಿ ಮತ್ತು ಕಪ್ಪು ತಂತಿಯ ನಡುವೆ ವೋಲ್ಟ್ ನೋಡಿ. ಥ್ರಾಟಲ್ ಮುಚ್ಚಿದ್ದಾಗ ಅರ್ಧ ವೋಲ್ಟಿನ ಆಸುಪಾಸು, ನಿಖರ ಅಂಕಿ ಸರ್ವಿಸ್ ಪುಸ್ತಕದಲ್ಲಿದೆ. ಪೆಡಲನ್ನು ನಿಧಾನವಾಗಿ ಒತ್ತಿದಂತೆ ಅಂಕಿ ಎಲ್ಲೂ ಹಾರದೆ ಏರಬೇಕು.

ಸಿರಿಂಜಿನಿಂದ ಗಾಳಿಕಿಂಡಿಯ ಮೂಲಕ ಬಟ್ಟಲಿಗೆ ಸ್ವಲ್ಪ ಪೆಟ್ರೋಲ್ ತುಂಬಿಸಿ, ಸ್ಟಾರ್ಟರ್ ಮೋಟಾರ್ ನಿಮ್ಮನ್ನು ಹರಸುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಮುಂದಿನ ನಟ್ಟಿನ ಸುತ್ತ ಬೆರಳಾಡಿಸಿ. ತೇವ ಸಿಕ್ಕಿದರೆ ತಕ್ಷಣ ಆರಿಸಿ.

ಬಿಸಿಯಾದ ಮೇಲೆ ಮತ್ತೆ ಡ್ವೆಲ್ ಮೀಟರ್. ಐಡಲಿನಲ್ಲಿ ಮುಳ್ಳಿನ ಸರಾಸರಿ 30ಕ್ಕಿಂತ ತುಂಬ ಮೇಲಿದ್ದರೆ ಎರಡೂ ಐಡಲ್ ಸ್ಕ್ರೂಗಳನ್ನು ಸಮವಾಗಿ, ಎಂಟನೆಯ ಒಂದು ಸುತ್ತಿನಷ್ಟು ಒಳಕ್ಕೆ. ತುಂಬ ಕೆಳಗಿದ್ದರೆ ಹೊರಕ್ಕೆ. ಪ್ರತಿ ಬಾರಿ ತಿರುಗಿಸಿದ ಮೇಲೆ ಅರ್ಧ ನಿಮಿಷ ಕೈಕಟ್ಟಿ ನಿಲ್ಲಿ, ಕಂಪ್ಯೂಟರಿಗೆ ಸುದ್ದಿ ತಲುಪಿ ಉತ್ತರ ಬರಲು ಅಷ್ಟು ಹೊತ್ತು ಬೇಕು. ಐಡಲಿನಲ್ಲೇ ಬಹಳ ಹೊತ್ತು ಬಿಟ್ಟು ಸೆನ್ಸರ್ ತಣ್ಣಗಾಗಿ ಮುಳ್ಳು ನಿಂತುಬಿಟ್ಟರೆ ಗಾಬರಿ ಬೇಡ, ಮತ್ತೆ 2000 ಸುತ್ತಿಗೆ ಏರಿಸಿ ಇಳಿಸಿ.

ನನ್ನ ಕಟ್ಲಾಸಿನ ಮುಳ್ಳು ಈಗ 27ರಿಂದ 34ರ ನಡುವೆ ತೂಗಾಡುತ್ತದೆ. ಹಳೆಯ ಮೈಯನ್ನೇ ಮತ್ತೆ ಕಟ್ಟಿ ಹಾಕಿದ್ದೇನೆ. ‘ರೀಬಿಲ್ಟ್’ ಚೀಟಿಯದ್ದು ಕಪಾಟಿನ ಮೇಲೆ ಕೂತಿದೆ, ಅದರ ಪಂಪಿನ ಸನ್ನೆಯನ್ನು ಮಾತ್ರ ಕಳೆದ ಬೇಸಿಗೆಯಲ್ಲಿ ತೆಗೆದು ಬಳಸಿಕೊಂಡೆ.